ಕೃಷಿ ವಿಮಾನಗಳ ಇಳಿಯುವಿಕೆಯ ಅಪಘಾತಗಳು

ಕೃಷಿ ವಿಮಾನಗಳ ಇಳಿಯುವಿಕೆಯ ಅಪಘಾತಗಳು ಎಂದರೆ ಬೆಳೆಗಳಿಗೆ ಕೀಟನಾಶಕ, ಶಿಲೀಂಧ್ರನಾಶಕ, ಗೊಬ್ಬರ ಅಥವಾ ಬೀಜವನ್ನು ಆಕಾಶದಿಂದ ಹಾಕುವ ವಿಮಾನಗಳು ನೆಲವನ್ನು ಸಮೀಪಿಸುವಾಗ, ನೆಲ ಮುಟ್ಟುವಾಗ ಅಥವಾ ಮುಟ್ಟಿದ ಬಳಿಕ ಓಡಿ ನಿಲ್ಲುವಾಗ ಸಂಭವಿಸುವ ಅವಘಡಗಳು. ಕೃಷಿ ವಿಮಾನಯಾನದಲ್ಲಿ ತಂತಿಗೆ ಡಿಕ್ಕಿ ಹೊಡೆಯುವುದು ಮತ್ತು ಕಡಿಮೆ ಎತ್ತರದ ತಿರುವಿನಲ್ಲಿ ನಿಯಂತ್ರಣ ತಪ್ಪುವುದು ಹೆಚ್ಚು ಮಾರಕ. ಇಳಿಯುವಿಕೆಯ ಅಪಘಾತಗಳಲ್ಲಿ ಪ್ರಾಣಹಾನಿ ಅವುಗಳಿಗಿಂತ ಕಡಿಮೆ, ಆದರೆ ವಿಮಾನಕ್ಕೆ ಆಗುವ ಹಾನಿ ಹೆಚ್ಚು. ಒಂದೇ ದಿನದಲ್ಲಿ ಹಲವು ಬಾರಿ ಇಳಿಯಬೇಕಾಗುವುದು, ತಾತ್ಕಾಲಿಕ ಏರ್‌ಸ್ಟ್ರಿಪ್‌ಗಳು, ಹಿಂಗಾಲಿ ವಿನ್ಯಾಸ ಮತ್ತು ಪೈಲಟ್‌ನ ಆಯಾಸ ಇವು ಈ ಅಪಘಾತಗಳ ಮುಖ್ಯ ಕಾರಣಗಳು.

ಭಾರತದಲ್ಲಿ ಕೃಷಿ ಕೆಲಸಕ್ಕೆಂದೇ ರೂಪಿಸಿದ ಬಸಂತ್ ವಿಮಾನವನ್ನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ತಯಾರಿಸಿತು. ಈ ಅಪಘಾತಗಳಲ್ಲಿ ಪೈಲಟ್‌ನನ್ನು ಉಳಿಸಲು ಜಗತ್ತಿನ ವಿನ್ಯಾಸಕಾರರು ಕಂಡುಕೊಂಡ ಹಲವು ಉಪಾಯಗಳು ಈ ವಿಮಾನದ ಸ್ವರೂಪದಲ್ಲಿಯೂ ಕಾಣುತ್ತವೆ.

## ಹಿನ್ನೆಲೆ

ಬೆಳೆ ರಕ್ಷಣೆಗೆ ವಿಮಾನ ಬಳಸಿದ ಮೊದಲ ಪ್ರಸಿದ್ಧ ಪ್ರಯೋಗವು 1921ರ ಆಗಸ್ಟ್ 3ರಂದು ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಪಟ್ಟಣದ ಬಳಿ ನಡೆಯಿತು. ಸೇನಾ ಪೈಲಟ್ ಜಾನ್ ಮೆಕ್‌ರೆಡಿ ಅವರು ಕರ್ಟಿಸ್ ವಿಮಾನವೊಂದರಿಂದ ಕಟಾಲ್ಪ ಮರಗಳ ತೋಪಿನ ಮೇಲೆ ಸೀಸದ ಆರ್ಸೆನೇಟ್ ಪುಡಿಯನ್ನು ಉದುರಿಸಿದರು. ಮುಂದಿನ ಮೂರು ದಶಕಗಳಲ್ಲಿ ಈ ಕೆಲಸಕ್ಕೆ ಬಳಕೆಯಾದವು ಬಹುಮಟ್ಟಿಗೆ ತರಬೇತಿಗಾಗಿ ಅಥವಾ ಯುದ್ಧಕ್ಕಾಗಿ ನಿರ್ಮಿಸಿದ ಹಳೆಯ ವಿಮಾನಗಳು. ಒಂದು ಆಸನವನ್ನು ತೆಗೆದು ಅಲ್ಲಿ ಔಷಧಿ ತೊಟ್ಟಿಯನ್ನು ಕೂರಿಸಲಾಗುತ್ತಿತ್ತು. ಅನೇಕ ವಿಮಾನಗಳಲ್ಲಿ ಪೈಲಟ್‌ನ ಹಿಂದೆ ಭಾರವಾದ ತೊಟ್ಟಿಯೋ ಮುಂದೆ ಗಟ್ಟಿಯಾದ ಉಪಕರಣ ಫಲಕವೋ ಇರುತ್ತಿತ್ತು. ಹೀಗಾಗಿ ಇಳಿಯುವಾಗ ವಿಮಾನ ಮಗುಚಿದರೆ ಸಣ್ಣ ವೇಗದಲ್ಲಿಯೂ ಗಂಭೀರ ಗಾಯಗಳಾಗುತ್ತಿದ್ದವು.

ಈ ಪರಿಸ್ಥಿತಿಯನ್ನು ಬದಲಿಸಿದ್ದು ಎಂಜಿನಿಯರ್ ಫ್ರೆಡ್ ವೀಕ್ ಅವರು ಟೆಕ್ಸಾಸ್‌ನ ಕೃಷಿ ಮತ್ತು ತಾಂತ್ರಿಕ ಕಾಲೇಜಿನಲ್ಲಿ ರೂಪಿಸಿದ ಎಜಿ-1 ವಿಮಾನ. 1950ರಲ್ಲಿ ಹಾರಿದ ಇದು ಕೃಷಿಗೆಂದೇ ಮೊದಲಿನಿಂದ ವಿನ್ಯಾಸಗೊಂಡ ಆರಂಭದ ವಿಮಾನಗಳಲ್ಲಿ ಪ್ರಮುಖವಾದುದು. ವೀಕ್ ಅವರು ಮುಂದೆ ಪೈಪರ್ ಸಂಸ್ಥೆಗಾಗಿ ರೂಪಿಸಿದ ಪಾನೀ ವಿಮಾನವು ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಅಪಘಾತ ಆಗಿಯೇ ಆಗುತ್ತದೆ ಎಂದು ಭಾವಿಸಿ ವಿನ್ಯಾಸ ಮಾಡಬೇಕೆಂಬ ವಿಚಾರವು ಈ ವಿಮಾನಗಳ ಮೂಲಕ ಬೇರೂರಿತು.

## ಇಳಿಯುವಿಕೆಯ ವಿಶೇಷ ಸ್ವರೂಪ

ಪ್ರಯಾಣಿಕ ವಿಮಾನವೊಂದು ಹಲವು ಗಂಟೆಗಳ ಹಾರಾಟಕ್ಕೆ ಒಂದು ಬಾರಿ ಇಳಿಯುತ್ತದೆ. ಕೃಷಿ ವಿಮಾನವು ತೊಟ್ಟಿ ಖಾಲಿಯಾದಾಗಲೆಲ್ಲ ಇಳಿಯಬೇಕು. ಉದಾಹರಣೆಗೆ, ಹೆಕ್ಟೇರಿಗೆ 20 ಲೀಟರ್ ದ್ರಾವಣ ಸಿಂಪಡಿಸುವ ವಿಮಾನದ ತೊಟ್ಟಿಯಲ್ಲಿ 600 ಲೀಟರ್ ಹಿಡಿಯುತ್ತದೆ ಎಂದುಕೊಂಡರೆ, ಒಂದು ತುಂಬುವಿಕೆಗೆ 30 ಹೆಕ್ಟೇರ್ ಮುಗಿಯುತ್ತದೆ. 300 ಹೆಕ್ಟೇರ್ ಮುಗಿಸಲು 10 ಬಾರಿ ಏರಿ 10 ಬಾರಿ ಇಳಿಯಬೇಕು. ಗೊಬ್ಬರ ಹಾಕುವ ಕೆಲಸದಲ್ಲಿ ಹೆಕ್ಟೇರಿಗೆ ಬೇಕಾಗುವ ತೂಕ ಇನ್ನೂ ಹೆಚ್ಚಾದುದರಿಂದ ಇಳಿಯುವಿಕೆಗಳ ಸಂಖ್ಯೆಯೂ ಏರುತ್ತದೆ.

ವಿಮಾನಯಾನದ ಅಪಘಾತ ಪ್ರಮಾಣವನ್ನು ಸಾಮಾನ್ಯವಾಗಿ ಹಾರಾಟದ ಗಂಟೆಗಳ ಲೆಕ್ಕದಲ್ಲಿ ಹೇಳಲಾಗುತ್ತದೆ. ಗಂಟೆಗೆ ಮೂರು ನಾಲ್ಕು ಬಾರಿ ಇಳಿಯುವ ವಿಮಾನವನ್ನೂ ನಾಲ್ಕು ಗಂಟೆಗೊಮ್ಮೆ ಇಳಿಯುವ ವಿಮಾನವನ್ನೂ ಈ ಅಳತೆಯಿಂದ ಹೋಲಿಸಿದರೆ ಒಂದೊಂದು ಇಳಿಯುವಿಕೆಯ ನಿಜವಾದ ಅಪಾಯ ತಿಳಿಯುವುದಿಲ್ಲ. ಕೃಷಿ ಪೈಲಟ್‌ನ ಪ್ರತಿಯೊಂದು ಇಳಿಯುವಿಕೆಯೂ ಅಷ್ಟೇನೂ ಅಪಾಯಕಾರಿಯಲ್ಲದಿರಬಹುದು. ಆದರೆ ಸಣ್ಣ ಅಪಾಯವು ದಿನಕ್ಕೆ ಹತ್ತಾರು ಬಾರಿ, ಹಂಗಾಮಿಗೆ ನೂರಾರು ಬಾರಿ ಎದುರಾಗುತ್ತದೆ.

ಇಳಿಯುವ ಸ್ಥಳವೂ ಭಿನ್ನ. ಹೊಲದ ಅಂಚು, ಹಳ್ಳಿಯ ರಸ್ತೆ, ಹುಲ್ಲುಗಾವಲು ಅಥವಾ ತಟ್ಟಿ ಸಮ ಮಾಡಿದ ಮಣ್ಣಿನ ಪಟ್ಟಿಯೇ ಅನೇಕ ವೇಳೆ ಏರ್‌ಸ್ಟ್ರಿಪ್ ಆಗಿರುತ್ತದೆ. ಅಲ್ಲಿ ನಿಯಂತ್ರಣ ಗೋಪುರವಾಗಲಿ ಅಗ್ನಿಶಾಮಕ ವಾಹನವಾಗಲಿ ಇರುವುದಿಲ್ಲ. ನ್ಯೂಜಿಲೆಂಡ್‌ನ ಗುಡ್ಡಗಾಡಿನಲ್ಲಿ ಇಳಿಜಾರಾದ ಪಟ್ಟಿಗಳನ್ನೇ ಆರಿಸಿ, ಏರುಮುಖವಾಗಿ ಇಳಿದು ಇಳಿಮುಖವಾಗಿ ಮೇಲೇರುವ ಪದ್ಧತಿ ಬೆಳೆಯಿತು. ಇಂತಹ ಒಮ್ಮುಖ ಪಟ್ಟಿಗಳಲ್ಲಿ ಒಂದು ಹಂತದ ನಂತರ ಇಳಿಯುವ ನಿರ್ಧಾರವನ್ನು ಬದಲಿಸಲು ಸಾಧ್ಯವಿಲ್ಲ.

## ಅಪಘಾತದ ವಿಧಗಳು

ಗ್ರೌಂಡ್ ಲೂಪ್: ನೆಲದ ಮೇಲೆ ಓಡುತ್ತಿರುವ ವಿಮಾನವು ದಿಕ್ಕು ತಪ್ಪಿ ತನ್ನ ಸುತ್ತ ತಾನೇ ಗಿರಕಿ ಹೊಡೆಯುವುದು. ಹೊರಬದಿಯ ರೆಕ್ಕೆಯ ತುದಿ ನೆಲಕ್ಕೆ ತಾಗುತ್ತದೆ. ಪಕ್ಕದ ಒತ್ತಡದಿಂದ ಲ್ಯಾಂಡಿಂಗ್ ಗೇರ್ ಮುರಿಯಬಹುದು. ಹಿಂಗಾಲಿ ವಿಮಾನಗಳಿಗೆ ವಿಶಿಷ್ಟವಾದ ಅಪಘಾತವಿದು.

ಮೂತಿ ಮಗುಚುವಿಕೆ: ಮುಂಗಾಲಿಗಳು ಕೆಸರಿನಲ್ಲಿ, ಕಾಲುವೆಯಲ್ಲಿ ಅಥವಾ ಎತ್ತರದ ಬೆಳೆಯಲ್ಲಿ ಸಿಕ್ಕಿಕೊಂಡಾಗ ಇಲ್ಲವೆ ಬ್ರೇಕನ್ನು ಬಲವಾಗಿ ಒತ್ತಿದಾಗ ವಿಮಾನದ ಬಾಲ ಮೇಲೆದ್ದು ಮೂತಿ ನೆಲಕ್ಕೆ ಬಡಿಯುತ್ತದೆ. ವೇಗ ಹೆಚ್ಚಿದ್ದರೆ ವಿಮಾನ ಪೂರ್ತಿ ಬೆನ್ನ ಮೇಲೆ ಬೀಳುತ್ತದೆ. ಪೈಲಟ್ ತಲೆಕೆಳಗಾಗಿ ಸಿಕ್ಕಿಕೊಳ್ಳುವುದರಿಂದ ಇಂಧನ ಸೋರಿಕೆ ಮತ್ತು ಕೀಟನಾಶಕದ ಸಂಪರ್ಕ ಇಲ್ಲಿ ದೊಡ್ಡ ಅಪಾಯಗಳು.

ಪಟ್ಟಿ ಮೀರಿ ಓಡುವುದು: ವೇಗ ಹೆಚ್ಚಾಗಿ, ತಡವಾಗಿ ನೆಲ ಮುಟ್ಟಿ ಅಥವಾ ಬ್ರೇಕ್ ಹಿಡಿಯದೆ ವಿಮಾನವು ಪಟ್ಟಿಯ ಕೊನೆಯನ್ನು ದಾಟುವುದು. ಹೊಲದ ಬದು, ಬೇಲಿ ಮತ್ತು ನೀರಿನ ಕಾಲುವೆಗಳು ಪಟ್ಟಿಯ ಕೊನೆಯಲ್ಲಿಯೇ ಇರುವುದರಿಂದ ಹಾನಿ ಹೆಚ್ಚುತ್ತದೆ.

ಪಟ್ಟಿಗೆ ಮುಂಚೆಯೇ ನೆಲ ಮುಟ್ಟುವುದು: ಚಿಕ್ಕ ಪಟ್ಟಿಯ ಪ್ರತಿಯೊಂದು ಮೀಟರನ್ನೂ ಬಳಸಿಕೊಳ್ಳುವ ಆತುರದಲ್ಲಿ ತೀರ ಕೆಳಗೆ ಬಂದು ಅಂಚಿನ ಬದುವಿಗೋ ಬೇಲಿಗೋ ಗಾಲಿ ತಾಗಿಸುವುದು.

ಗಡುಸು ಇಳಿಯುವಿಕೆ: ವೇಗವಾಗಿ ಕೆಳಗಿಳಿದು ಬಡಿಯುವುದು ಮತ್ತು ಅದರಿಂದ ವಿಮಾನ ಪುಟಿಯುವುದು. ಪುಟಿದ ವಿಮಾನವು ನೆಲದಿಂದ ಕೆಲವು ಮೀಟರ್ ಮೇಲೆ ವೇಗ ಕಳೆದುಕೊಂಡು ಮತ್ತೊಮ್ಮೆ ಇನ್ನಷ್ಟು ಬಲವಾಗಿ ಬೀಳುತ್ತದೆ.

ಕೊನೆಯ ತಿರುವಿನ ಸ್ಟಾಲ್: ಪಟ್ಟಿಗೆ ಎದುರಾಗಲು ಕಡಿದಾಗಿ ತಿರುಗುವಾಗ ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಳ್ಳುವುದು. ಎತ್ತರ ಕಡಿಮೆ ಇರುವುದರಿಂದ ಚೇತರಿಸಿಕೊಳ್ಳಲು ಅವಕಾಶವಿರುವುದಿಲ್ಲ. ಇಳಿಯುವ ಹಂತದ ಅಪಘಾತಗಳಲ್ಲಿ ಅತ್ಯಂತ ಮಾರಕವಾದುದು ಇದೇ.

ತುರ್ತು ಇಳಿಯುವಿಕೆ: ಎಂಜಿನ್ ನಿಂತಾಗ ಹೊಲದಲ್ಲಿಯೇ ಇಳಿಯಬೇಕಾಗುವುದು. ಸಿಂಪಡಣೆಯು ಬೆಳೆಯ ಮೇಲೆ ಕೆಲವೇ ಮೀಟರ್ ಎತ್ತರದಲ್ಲಿ ನಡೆಯುವುದರಿಂದ ಸ್ಥಳ ಆರಿಸಲು ಪೈಲಟ್‌ಗೆ ಕೆಲವು ಸೆಕೆಂಡುಗಳಷ್ಟೇ ಸಿಗುತ್ತವೆ.

## ಕಾರಣಗಳು

### ಹಿಂಗಾಲಿ ವಿನ್ಯಾಸ

ಹೆಚ್ಚಿನ ಕೃಷಿ ವಿಮಾನಗಳಿಗೆ ಎರಡು ದೊಡ್ಡ ಮುಂಗಾಲಿಗಳೂ ಬಾಲದ ಕೆಳಗೆ ಒಂದು ಚಿಕ್ಕ ಗಾಲಿಯೂ ಇರುತ್ತವೆ. ಈ ವಿನ್ಯಾಸವು ಒರಟು ನೆಲದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಹಗುರವಾಗಿರುತ್ತದೆ ಮತ್ತು ಪ್ರೊಪೆಲ್ಲರನ್ನು ಕಲ್ಲು ಹಾಗೂ ಪೊದೆಗಳಿಂದ ಮೇಲಿಡುತ್ತದೆ. ಆದರೆ ವಿಮಾನದ ಗುರುತ್ವ ಕೇಂದ್ರವು ಮುಂಗಾಲಿಗಳ ಹಿಂದೆ ಬೀಳುತ್ತದೆ. ಎತ್ತಿನ ಗಾಡಿಯನ್ನು ಮೂಕಿ ಹಿಡಿದು ಮುಂದಕ್ಕೆ ಎಳೆದಾಗ ಅದು ನೇರವಾಗಿ ಹಿಂಬಾಲಿಸುತ್ತದೆ. ಅದನ್ನೇ ಹಿಂದಕ್ಕೆ ನೂಕಿದರೆ ಸ್ವಲ್ಪ ಓರೆಯಾದೊಡನೆ ಪಕ್ಕಕ್ಕೆ ತಿರುಗಿಬಿಡುತ್ತದೆ. ಹಿಂಗಾಲಿ ವಿಮಾನದ ಓಟ ಎರಡನೆಯದಕ್ಕೆ ಹೋಲುತ್ತದೆ. ಮೂತಿ ಒಂದು ಬದಿಗೆ ಹೊರಳಿದರೆ ಹಿಂದಿರುವ ತೂಕವು ಮುಂದಕ್ಕೆ ಬರಲು ಯತ್ನಿಸಿ ಆ ಹೊರಳುವಿಕೆಯನ್ನು ಹೆಚ್ಚಿಸುತ್ತದೆ. ವೇಗ ಇಳಿದಂತೆ ಚುಕ್ಕಾಣಿಯ ಮೇಲೆ ಹರಿಯುವ ಗಾಳಿ ಕಡಿಮೆಯಾಗಿ ಅದರ ಹಿಡಿತವೂ ಸಡಿಲಗೊಳ್ಳುತ್ತದೆ. ಆದುದರಿಂದಲೇ ಗ್ರೌಂಡ್ ಲೂಪ್‌ಗಳು ಇಳಿಯುವಿಕೆ ಮುಗಿಯಿತು ಎಂದುಕೊಳ್ಳುವ ಹೊತ್ತಿನಲ್ಲಿ ಸಂಭವಿಸುತ್ತವೆ.

### ಗಾಳಿ

ವಿಮಾನ ನಿಲ್ದಾಣದ ರನ್‌ವೇಯನ್ನು ಆ ಪ್ರದೇಶದ ಗಾಳಿಯ ದಿಕ್ಕು ನೋಡಿ ನಿರ್ಮಿಸಲಾಗುತ್ತದೆ. ಬೆಂಗಳೂರಿನ ಎಚ್‌ಎಎಲ್ ಮತ್ತು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಗಳ ರನ್‌ವೇಗಳು ಪೂರ್ವ–ಪಶ್ಚಿಮವಾಗಿರುವುದು ಮುಂಗಾರಿನ ಪಶ್ಚಿಮದ ಗಾಳಿಗೂ ಹಿಂಗಾರಿನ ಪೂರ್ವದ ಗಾಳಿಗೂ ಹೊಂದುತ್ತದೆ. ಹೊಲದ ಪಟ್ಟಿಯ ದಿಕ್ಕನ್ನು ಜಮೀನಿನ ಎಲ್ಲೆಯೇ ನಿರ್ಧರಿಸುತ್ತದೆ. ಅಡ್ಡಗಾಳಿ ಹಿಂಗಾಲಿ ವಿಮಾನದ ಎತ್ತರದ ಬಾಲವನ್ನು ತಳ್ಳಿ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸುತ್ತದೆ.

ಹಿಂಬದಿಯ ಗಾಳಿಯಲ್ಲಿ ಇಳಿಯುವುದು ಈ ವೃತ್ತಿಯ ಇನ್ನೊಂದು ಸಮಸ್ಯೆ. ಔಷಧಿ ತುಂಬುವ ವಾಹನದ ಬಳಿಯೇ ಓಟ ಮುಗಿಯುವಂತೆ ಒಂದು ದಿಕ್ಕಿನಲ್ಲಿ ಇಳಿದು ವಿರುದ್ಧ ದಿಕ್ಕಿನಲ್ಲಿ ಏರಿದರೆ ಸಮಯ ಉಳಿಯುತ್ತದೆ. ಆದರೆ ಅದರ ಬೆಲೆ ದೊಡ್ಡದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ನೆಲ ಮುಟ್ಟುವ ವಿಮಾನಕ್ಕೆ ಗಂಟೆಗೆ 10 ಕಿ.ಮೀ. ಎದುರುಗಾಳಿ ಇದ್ದರೆ ನೆಲಕ್ಕೆ ಸಂಬಂಧಿಸಿದ ವೇಗ 90 ಕಿ.ಮೀ.; ಅಷ್ಟೇ ಗಾಳಿ ಹಿಂಬದಿಯಿಂದ ಬಂದರೆ 110 ಕಿ.ಮೀ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ ಎರಡನೆಯ ಸಂದರ್ಭದಲ್ಲಿ ಬ್ರೇಕ್‌ಗಳು ತಡೆಯಬೇಕಾದ ಶಕ್ತಿ ಮೊದಲನೆಯದರ ಸುಮಾರು ಒಂದೂವರೆ ಪಟ್ಟು.

### ಎತ್ತರ ಮತ್ತು ತಾಪ

ಗಾಳಿಯ ಸಾಂದ್ರತೆ ಕಡಿಮೆಯಾದಷ್ಟೂ ವಿಮಾನವು ಅದೇ ಎತ್ತುವ ಬಲಕ್ಕಾಗಿ ಹೆಚ್ಚು ವೇಗದಲ್ಲಿ ಚಲಿಸಬೇಕು. ವೇಗಮಾಪಕವು ಗಾಳಿಯ ಒತ್ತಡವನ್ನು ಅಳೆಯುವುದರಿಂದ ಈ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ.

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯೂ ಸೇರಿದಂತೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಪ್ರಸ್ಥಭೂಮಿಯು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್ ತಾಪವಿದ್ದಾಗ ಇಲ್ಲಿನ ಗಾಳಿಯ ಸಾಂದ್ರತೆಯು ಸಮುದ್ರ ಮಟ್ಟದ ಪ್ರಮಾಣಿತ ಸಾಂದ್ರತೆಯ ಶೇ. 84ರಷ್ಟು ಮಾತ್ರ. ವಿಮಾನವು ಸುಮಾರು 1,800 ಮೀಟರ್ ಎತ್ತರದ ತಂಪು ಬೆಟ್ಟದ ಮೇಲೆ ಇಳಿಯುತ್ತಿದ್ದಂತೆ ವರ್ತಿಸುತ್ತದೆ. ವೇಗಮಾಪಕ ಅದೇ ಅಂಕಿಯನ್ನು ತೋರಿಸಿದರೂ ನಿಜವಾದ ವೇಗ ಶೇ. 9ರಷ್ಟು ಹೆಚ್ಚು, ಚಲನಶಕ್ತಿ ಶೇ. 19ರಷ್ಟು ಹೆಚ್ಚು. ನಿಲ್ಲಲು ಬೇಕಾದ ದೂರವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಟರ್ಬೋ ಜೋಡಣೆಯಿಲ್ಲದ ಪಿಸ್ಟನ್ ಎಂಜಿನ್ನಿನ ಶಕ್ತಿಯೂ ಶೇ. 15ಕ್ಕಿಂತ ಹೆಚ್ಚು ಕುಂದುವುದರಿಂದ, ಇಳಿಯುವಿಕೆಯನ್ನು ಕೈಬಿಟ್ಟು ಮತ್ತೆ ಮೇಲೇರುವುದೂ ಕಷ್ಟವಾಗುತ್ತದೆ.

### ತೂಕ

ಸಾಮಾನ್ಯವಾಗಿ ಕೃಷಿ ವಿಮಾನ ತೊಟ್ಟಿ ಖಾಲಿಯಾದ ಮೇಲೆ ಹಗುರವಾಗಿ ಇಳಿಯುತ್ತದೆ. ಸಿಂಪಡಣೆಯ ಕೊಳವೆ ಕಟ್ಟಿಕೊಂಡಾಗ, ಗಾಳಿ ಎದ್ದು ಕೆಲಸ ನಿಲ್ಲಿಸಿದಾಗ ಅಥವಾ ಎಂಜಿನ್ ತೊಂದರೆಯಾದಾಗ ಹೊರೆಯೊಡನೆ ಇಳಿಯಬೇಕಾಗುತ್ತದೆ. 1,400 ಕೆ.ಜಿ. ತೂಕದಲ್ಲಿ ಇಳಿಯಲು ಒಗ್ಗಿದ ಪೈಲಟ್ 2,000 ಕೆ.ಜಿ. ತೂಕದಲ್ಲಿ ಇಳಿಯಬೇಕಾದರೆ ವೇಗ ಸುಮಾರು ಶೇ. 20ರಷ್ಟು ಹೆಚ್ಚಿರಬೇಕು; ತಡೆಯಬೇಕಾದ ಶಕ್ತಿ ಎರಡು ಪಟ್ಟಾಗುತ್ತದೆ. ತೊಟ್ಟಿಯ ದ್ರವ ಮುಂದಕ್ಕೆ ಹೊರಳಿದರೆ ಮೂತಿ ಮಗುಚುವ ಸಂಭವವೂ ಏರುತ್ತದೆ. ಈ ಕಾರಣದಿಂದ ಕೃಷಿ ವಿಮಾನಗಳಲ್ಲಿ ಇಡೀ ಹೊರೆಯನ್ನು ಕೆಲವೇ ಸೆಕೆಂಡುಗಳಲ್ಲಿ ಕೆಳಗೆ ಸುರಿಯುವ ತುರ್ತು ಸನ್ನೆ ಇರುತ್ತದೆ.

### ನೆಲದ ಸ್ಥಿತಿ

ಉತ್ತರ ಕರ್ನಾಟಕದ ಎರೆಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ನೆನೆದಾಗ ಗಾಲಿಗೆ ಅಂಟಿಕೊಂಡು ಓಟವನ್ನು ಹಠಾತ್ತನೆ ತಡೆಯುತ್ತದೆ. ದಕ್ಷಿಣದ ಕೆಂಪು ಮಣ್ಣು ಒಣಗಿದಾಗ ಗಟ್ಟಿಯಾಗಿದ್ದರೂ ಅದರ ಧೂಳು ಕಣ್ಣಿಗೆ ಮರೆಯಾಗುತ್ತದೆ ಮತ್ತು ಎಂಜಿನ್ನಿಗೂ ಹಾನಿಕರ. ಬೆಳಗಿನ ಇಬ್ಬನಿಯಿಂದ ಒದ್ದೆಯಾದ ಹುಲ್ಲಿನ ಮೇಲೆ ಬ್ರೇಕ್ ಹಿಡಿತ ಕಡಿಮೆ. ಗಾಳಿ ಶಾಂತವಾಗಿರುವ ಮುಂಜಾನೆಯೇ ಸಿಂಪಡಣೆಗೆ ಪ್ರಶಸ್ತವಾದುದರಿಂದ ಕೃಷಿ ವಿಮಾನಗಳು ಈ ಒದ್ದೆ ಹುಲ್ಲಿನ ಮೇಲೆಯೇ ದಿನದ ಮೊದಲ ಇಳಿಯುವಿಕೆಗಳನ್ನು ಮಾಡುತ್ತವೆ. ಪಟ್ಟಿಯ ಮೇಲೆ ಅಡ್ಡ ಬರುವ ದನಕರು, ನಾಯಿ ಮತ್ತು ವಿಮಾನ ನೋಡಲು ಸೇರುವ ಜನರೂ ಅಪಾಯಕ್ಕೆ ಕಾರಣರಾಗುತ್ತಾರೆ.

### ಆಯಾಸ ಮತ್ತು ಕೀಟನಾಶಕದ ಪರಿಣಾಮ

ಕೀಟಬಾಧೆ ಕೆಲವೇ ದಿನಗಳಲ್ಲಿ ಹರಡುತ್ತದೆ. ಆದುದರಿಂದ ಹಂಗಾಮಿನಲ್ಲಿ ಪೈಲಟ್‌ಗಳು ಬೆಳಗಿನ ಜಾವದಿಂದ ಸಂಜೆಯವರೆಗೆ ದುಡಿಯುತ್ತಾರೆ. ಎಂಜಿನ್ನಿನ ಶಬ್ದ, ಕಾಕ್‌ಪಿಟ್‌ನ ಬಿಸಿ, ನಿರಂತರ ತಿರುವುಗಳು ಮತ್ತು ನೀರಡಿಕೆ ಸೇರಿ ಗಮನ ಕುಗ್ಗುತ್ತದೆ. ಒಂದೇ ಪಟ್ಟಿಯಲ್ಲಿ ಹತ್ತನೆಯ ಬಾರಿ ಇಳಿಯುವಾಗ ಮೊದಲ ಬಾರಿಯ ಎಚ್ಚರ ಉಳಿದಿರುವುದಿಲ್ಲ.

ಆರ್ಗನೋಫಾಸ್ಫೇಟ್ ವರ್ಗದ ಕೀಟನಾಶಕಗಳು ನರಗಳ ಕೆಲಸಕ್ಕೆ ಅಗತ್ಯವಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಇವು ಕಣ್ಣಿಗೆ ತಾಗಿದರೆ ಪಾಪೆ ಕುಗ್ಗಿ ದೃಷ್ಟಿ ಮಸುಕಾಗುತ್ತದೆ. ನೆಲ ಎಷ್ಟು ಕೆಳಗಿದೆ ಎಂಬುದನ್ನು ಕಣ್ಣಳತೆಯಿಂದಲೇ ತಿಳಿಯಬೇಕಾದ ಪೈಲಟ್‌ಗೆ ಇದು ನೇರವಾಗಿ ಇಳಿಯುವಿಕೆಯ ಸಮಸ್ಯೆಯಾಗುತ್ತದೆ. ತಲೆನೋವು, ವಾಕರಿಕೆ, ಬೆವರು ಇವು ವಿಷಬಾಧೆಯ ಇತರ ಆರಂಭಿಕ ಲಕ್ಷಣಗಳು; ಇವನ್ನು ಬಿಸಿಲಿನ ಆಯಾಸವೆಂದು ತಪ್ಪಾಗಿ ಭಾವಿಸುವುದುಂಟು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2013ರಲ್ಲಿ ಅಲ್ಲಿ ಸಂಭವಿಸಿದ 78 ಕೃಷಿ ವಿಮಾನ ಅಪಘಾತಗಳನ್ನು ಆಧರಿಸಿ 2014ರಲ್ಲಿ ವಿಶೇಷ ವರದಿಯನ್ನು ಪ್ರಕಟಿಸಿತು. ಆಯಾಸ, ಈ ವೃತ್ತಿಗೆ ಹೊಂದುವ ಅಪಾಯ ನಿರ್ವಹಣೆಯ ಮಾರ್ಗದರ್ಶನದ ಕೊರತೆ, ವಿಮಾನಗಳ ನಿರ್ವಹಣೆಯಲ್ಲಿನ ಲೋಪ ಹಾಗೂ ಪೈಲಟ್‌ಗಳ ಜ್ಞಾನ ಮತ್ತು ಕೌಶಲ ಪರೀಕ್ಷೆಯ ಕುರಿತ ಮಾರ್ಗದರ್ಶನದ ಕೊರತೆಗಳನ್ನು ಅದು ಪ್ರಮುಖ ವಿಷಯಗಳೆಂದು ಗುರುತಿಸಿತು.

## ಬದುಕುಳಿಯಲು ನೆರವಾಗುವ ವಿನ್ಯಾಸ

ಗಂಟೆಗೆ 100 ಕಿ.ಮೀ. ವೇಗದ ವಿಮಾನವು 1 ಮೀಟರ್ ದೂರದಲ್ಲಿ ನಿಂತುಬಿಟ್ಟರೆ ಪೈಲಟ್‌ನ ದೇಹದ ಮೇಲೆ ಬೀಳುವ ಸರಾಸರಿ ಬಲವು ಆತನ ತೂಕದ ಸುಮಾರು 39 ಪಟ್ಟು. ಮುಂಭಾಗ ನುಗ್ಗಾಗುತ್ತ 3 ಮೀಟರ್ ದೂರದಲ್ಲಿ ನಿಂತರೆ ಅದು ಸುಮಾರು 13 ಪಟ್ಟಿಗೆ ಇಳಿಯುತ್ತದೆ. ಭುಜ ಮತ್ತು ಸೊಂಟದ ಪಟ್ಟಿಗಳನ್ನು ಸರಿಯಾಗಿ ಬಿಗಿದುಕೊಂಡ ಆರೋಗ್ಯವಂತ ವ್ಯಕ್ತಿ ಅಲ್ಪಕಾಲದ ಇಂತಹ ಬಲವನ್ನು ಸಹಿಸಬಲ್ಲ. ಆಧುನಿಕ ಕೃಷಿ ವಿಮಾನದ ಇಡೀ ಆಕಾರವು ಈ ಸರಳ ಲೆಕ್ಕವನ್ನು ಅನುಸರಿಸುತ್ತದೆ:

- ಎಂಜಿನ್ ಮುಂದೆ, ಅದರ ಹಿಂದೆ ತೊಟ್ಟಿ, ಅದರ ಹಿಂದೆ ಪೈಲಟ್ ಎಂಬ ಕ್ರಮ. ಭಾರವಾದ ವಸ್ತು ಹಿಂದಿನಿಂದ ಬಂದು ಪೈಲಟ್‌ನನ್ನು ಅಪ್ಪಳಿಸುವುದಿಲ್ಲ. ಮುಂಭಾಗ ಹಂತ ಹಂತವಾಗಿ ನುಗ್ಗಾಗುತ್ತದೆ.
- ಎತ್ತರದ ಕಾಕ್‌ಪಿಟ್. ಇಳಿಯುವಾಗ ಮೂತಿಯ ಮೇಲಿನಿಂದ ಮುಂದಿನ ನೆಲ ಕಾಣುತ್ತದೆ.
- ಕಾಕ್‌ಪಿಟ್ ಸುತ್ತ ಉಕ್ಕಿನ ಕೊಳವೆಗಳ ಗಟ್ಟಿ ಚೌಕಟ್ಟು. ವಿಮಾನ ಬೆನ್ನ ಮೇಲೆ ಬಿದ್ದರೂ ತಲೆಗೆ ಜಾಗ ಉಳಿಯುತ್ತದೆ.
- ಬಲವಾದ ಭುಜಪಟ್ಟಿಗಳು ಮತ್ತು ಶಿರಸ್ತ್ರಾಣ.
- ಲ್ಯಾಂಡಿಂಗ್ ಗೇರ್‌ನ ಮೇಲೆ ತಂತಿ ಕತ್ತರಿಸುವ ಅಲಗುಗಳು ಹಾಗೂ ಕಾಕ್‌ಪಿಟ್‌ನ ಮೇಲ್ಭಾಗದಿಂದ ಬಾಲದ ತುದಿಯವರೆಗೆ ಎಳೆದ ತಂತಿ. ಎದುರಾದ ವಿದ್ಯುತ್ ತಂತಿ ಇದರ ಮೇಲೆ ಜಾರಿಹೋಗುತ್ತದೆ.

### ಎಚ್‌ಎಎಲ್ ಬಸಂತ್

ಎಚ್‌ಎ-31 ಬಸಂತ್ ಒಂದು ಎಂಜಿನ್ನಿನ, ಒಬ್ಬ ಪೈಲಟ್‌ನ, ತಗ್ಗು ರೆಕ್ಕೆಯ ಕೃಷಿ ವಿಮಾನ. ಇದರ ಕೆಲಸ 1960ರ ದಶಕದ ಕೊನೆಯಲ್ಲಿ ಆರಂಭವಾಯಿತು. ಮೊದಲ ಮಾದರಿಯಲ್ಲಿ ಕಾಕ್‌ಪಿಟ್ ರೆಕ್ಕೆಯ ಮುಂಚೂಣಿಯ ನೇರ ಮೇಲಿತ್ತು. ಅದು ತೃಪ್ತಿಕರವಾಗದೆ ವಿಮಾನವನ್ನು ಪೂರ್ತಿಯಾಗಿ ಮರುವಿನ್ಯಾಸಗೊಳಿಸಲಾಯಿತು. ಎಂಜಿನ್, ತೊಟ್ಟಿ, ಅದರ ಹಿಂದೆ ಎತ್ತರದ ಕಾಕ್‌ಪಿಟ್ ಎಂಬ ಕ್ರಮಕ್ಕೆ ಬಂದ ಹೊಸ ಮಾದರಿಯು 1972ರ ಮಾರ್ಚ್ 30ರಂದು ಮೊದಲ ಬಾರಿಗೆ ಹಾರಿತು.

ಬಸಂತ್‌ನ ರೆಕ್ಕೆಗಳ ಹರವು 12 ಮೀಟರ್, ಉದ್ದ 9 ಮೀಟರ್. ಖಾಲಿ ತೂಕ ಸುಮಾರು 1,200 ಕೆ.ಜಿ.; ಮೇಲೇರುವ ಗರಿಷ್ಠ ತೂಕ ಸುಮಾರು 2,270 ಕೆ.ಜಿ. ಎಂಟು ಸಿಲಿಂಡರುಗಳ 400 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ನನ್ನು ಇದಕ್ಕೆ ಅಳವಡಿಸಲಾಗಿತ್ತು. ಆಧಾರ ಕಡ್ಡಿಗಳಿರುವ ರೆಕ್ಕೆಗಳು ಮತ್ತು ಮಡಚದ ಹಿಂಗಾಲಿ ವಿನ್ಯಾಸ ಇದರ ಲಕ್ಷಣಗಳು. ಲ್ಯಾಂಡಿಂಗ್ ಗೇರ್ ಮಡಚದಿರುವುದರಿಂದ ಗಾಲಿ ಬಿಡಲು ಮರೆತು ಇಳಿಯುವ ಅಪಘಾತಕ್ಕೆ ಇದರಲ್ಲಿ ಅವಕಾಶವಿಲ್ಲ. ಹಿಂಗಾಲಿಯ ದಿಕ್ಕು ತಪ್ಪುವ ಸ್ವಭಾವ ಮಾತ್ರ ಉಳಿಯುತ್ತದೆ. ಒಟ್ಟು 39 ವಿಮಾನಗಳು ತಯಾರಾದ ನಂತರ 1980ರಲ್ಲಿ ಉತ್ಪಾದನೆ ನಿಂತಿತು.

ಎಚ್‌ಎಎಲ್‌ನ ಇನ್ನೊಂದು ವಿಮಾನ ಕೃಷಕ್ ಅನ್ನು ಹೆಸರಿನ ಕಾರಣದಿಂದ ಕೃಷಿ ವಿಮಾನವೆಂದು ತಪ್ಪಾಗಿ ತಿಳಿಯುವುದುಂಟು. ಅದು ಭೂಸೇನೆಯ ವೀಕ್ಷಣೆಗೆ ಬಳಕೆಯಾದ ವಿಮಾನ.

## ಭಾರತದಲ್ಲಿ ನಿಯಮಗಳು ಮತ್ತು ತನಿಖೆ

ವಿಮಾನದಿಂದ ಕೀಟನಾಶಕ ಸಿಂಪಡಿಸುವುದನ್ನು ಭಾರತದಲ್ಲಿ 1971ರ ಕೀಟನಾಶಕ ನಿಯಮಗಳು ನಿಯಂತ್ರಿಸುತ್ತವೆ. ಸಿಂಪಡಿಸುವ ಪ್ರದೇಶವನ್ನು ಗುರುತು ಮಾಡುವುದು, ಅನುಮೋದಿತ ಔಷಧಿಯನ್ನು ಅನುಮೋದಿತ ಸಾಂದ್ರತೆ ಮತ್ತು ಎತ್ತರದಲ್ಲಿ ಮಾತ್ರ ಬಳಸುವುದು, ತೊಳೆಯುವ ಹಾಗೂ ಪ್ರಥಮ ಚಿಕಿತ್ಸೆಯ ಸೌಲಭ್ಯ ಒದಗಿಸುವುದು, ಸಾರ್ವಜನಿಕರಿಗೆ ಕನಿಷ್ಠ 24 ಗಂಟೆ ಮುಂಚಿತವಾಗಿ ತಿಳಿಸುವುದು, ಸಂಬಂಧವಿಲ್ಲದ ಜನರು ಮತ್ತು ಜಾನುವಾರುಗಳನ್ನು ದೂರವಿಡುವುದು ಇವು ಮುಖ್ಯ ಷರತ್ತುಗಳು. ಕೀಟನಾಶಕಗಳು ದೇಹದ ಮೇಲೆ ಬೀರುವ ಪರಿಣಾಮಗಳೂ ಸೇರಿದಂತೆ ಪೈಲಟ್‌ಗಳಿಗೆ ವಿಶೇಷ ತರಬೇತಿ ಕಡ್ಡಾಯ.

ಹಾರಾಟದ ಸುರಕ್ಷತೆಯು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ವ್ಯಾಪ್ತಿಗೆ ಬರುತ್ತದೆ. ಅಪಘಾತಗಳ ತನಿಖೆಗಾಗಿ 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೊ ಸ್ಥಾಪನೆಯಾಯಿತು. ತನಿಖೆಯ ಉದ್ದೇಶ ಮುಂದಿನ ಅಪಘಾತಗಳನ್ನು ತಡೆಯುವುದೇ ಹೊರತು ತಪ್ಪಿತಸ್ಥರನ್ನು ಗುರುತಿಸುವುದಲ್ಲ ಎಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೆಯ ಅನುಬಂಧದ ಮೂಲತತ್ವ.

ಇದೇ ಅನುಬಂಧದ ವ್ಯಾಖ್ಯೆಯಂತೆ ಹಾನಿಯು ಪ್ರೊಪೆಲ್ಲರ್, ರೆಕ್ಕೆಯ ತುದಿ, ಟಯರು, ಬ್ರೇಕು ಅಥವಾ ಗಾಲಿಗಳಿಗೆ ಸೀಮಿತವಾಗಿದ್ದು ಯಾರಿಗೂ ಗಂಭೀರ ಗಾಯವಾಗದಿದ್ದರೆ ಅಂತಹ ಘಟನೆಯನ್ನು ಅಪಘಾತವೆಂದು ಪರಿಗಣಿಸುವುದಿಲ್ಲ. ಸೌಮ್ಯ ಗ್ರೌಂಡ್ ಲೂಪ್‌ಗಳಲ್ಲಿ ಹಾನಿಯಾಗುವುದು ಬಹುತೇಕ ಈ ಭಾಗಗಳಿಗೇ. ಆದುದರಿಂದ ಅಪಘಾತಗಳ ಪಟ್ಟಿಯಲ್ಲಿ ಕಾಣುವ ಇಳಿಯುವಿಕೆಯ ಅವಘಡಗಳ ಸಂಖ್ಯೆಯು ಹೊಲಗಳಲ್ಲಿ ನಿಜವಾಗಿ ನಡೆದ ಅವಘಡಗಳಿಗಿಂತ ಕಡಿಮೆ ಇರುತ್ತದೆ.

## ತಡೆಗಟ್ಟುವ ಕ್ರಮಗಳು

ಇಳಿಯುವಿಕೆಯ ಅಪಘಾತಗಳಲ್ಲಿ ಹೆಚ್ಚಿನವು ನೆಲ ಮುಟ್ಟುವ ಮೊದಲೇ ತೆಗೆದುಕೊಂಡ ನಿರ್ಧಾರಗಳಿಂದ ಉಂಟಾಗುತ್ತವೆ. ಆದುದರಿಂದ ತಡೆಯುವ ಕ್ರಮಗಳೂ ಅಲ್ಲಿಂದಲೇ ಆರಂಭವಾಗುತ್ತವೆ.

- ಪಟ್ಟಿಯನ್ನು ಮೊದಲು ಕಾಲ್ನಡಿಗೆಯಲ್ಲಿ ಪರೀಕ್ಷಿಸುವುದು: ಗುಂಡಿ, ಕಲ್ಲು, ಮೆತ್ತನೆಯ ಮಣ್ಣು, ಅಂಚಿನ ಬದು ಮತ್ತು ವಿದ್ಯುತ್ ತಂತಿಗಳನ್ನು ಗುರುತಿಸುವುದು.
- ಪೈಲಟ್‌ಗೆ ದೂರದಿಂದಲೇ ಕಾಣುವಂತೆ ಗಾಳಿಚೀಲ ಕಟ್ಟುವುದು ಮತ್ತು ಹಿಂಬದಿಯ ಗಾಳಿಯ ಮಿತಿಯನ್ನು ಮೊದಲೇ ನಿಗದಿಪಡಿಸುವುದು.
- ಆ ದಿನದ ತಾಪ, ಎತ್ತರ ಮತ್ತು ತೂಕಕ್ಕೆ ಬೇಕಾಗುವ ದೂರವನ್ನು ಲೆಕ್ಕ ಹಾಕಿ, ಅದಕ್ಕಿಂತ ಉದ್ದದ ಪಟ್ಟಿಯನ್ನು ಆರಿಸುವುದು.
- ಪಟ್ಟಿಯ ಪಕ್ಕದಲ್ಲಿ ಒಂದು ನಿರ್ಧಾರದ ಗುರುತು ಇಡುವುದು. ಅಲ್ಲಿಗೆ ತಲುಪುವಷ್ಟರಲ್ಲಿ ವಿಮಾನ ನೆಲ ಮುಟ್ಟದಿದ್ದರೆ ಮರಳಿ ಮೇಲೇರಬೇಕು.
- ವಿಮಾನ ಪೂರ್ತಿ ನಿಲ್ಲುವವರೆಗೆ ಚುಕ್ಕಾಣಿಯ ನಿಯಂತ್ರಣವನ್ನು ಬಿಡದಿರುವುದು.
- ಔಷಧಿ ಬೆರೆಸುವ ಕೆಲಸವನ್ನು ಪೈಲಟ್ ಮಾಡದಿರುವುದು. ಹಾರಾಟದ ನಡುವೆ ನೀರು ಮತ್ತು ವಿಶ್ರಾಂತಿಗೆ ಅವಕಾಶ ನೀಡುವುದು.
- ತುಂಬುವ ತಂಡ, ವಾಹನ ಮತ್ತು ನೋಡುಗರನ್ನು ಪಟ್ಟಿಯ ಕೊನೆಯ ನೇರದಿಂದ ಪಕ್ಕಕ್ಕೆ ಇಡುವುದು.
- ಬೆಂಕಿ ಆರಿಸುವ ಸಾಧನ, ಸಾಕಷ್ಟು ನೀರು ಹಾಗೂ ಬಳಸುತ್ತಿರುವ ಔಷಧಿಯ ಹೆಸರು ಬರೆದ ಚೀಟಿಯನ್ನು ಸ್ಥಳದಲ್ಲಿಡುವುದು. ವಿಷಬಾಧೆಯ ಚಿಕಿತ್ಸೆಗೆ ಔಷಧಿಯ ಹೆಸರು ವೈದ್ಯರಿಗೆ ತಕ್ಷಣ ತಿಳಿಯಬೇಕಾಗುತ್ತದೆ.

ಇಳಿಯುವಿಕೆಯನ್ನು ಕೈಬಿಟ್ಟು ಮತ್ತೊಂದು ಸುತ್ತು ಹೊಡೆಯುವುದರಿಂದ ಕೆಲವು ನಿಮಿಷಗಳ ಇಂಧನ ಮಾತ್ರ ವ್ಯಯವಾಗುತ್ತದೆ. ಆದರೂ ಎಕರೆಯ ಲೆಕ್ಕದಲ್ಲಿ ಹಣ ಸಿಗುವ ಕೆಲಸದಲ್ಲಿ ಈ ನಿಮಿಷಗಳನ್ನು ಉಳಿಸುವ ಒತ್ತಡ ಸದಾ ಇರುತ್ತದೆ.

## ಹೆಲಿಕಾಪ್ಟರ್ ಮತ್ತು ಡ್ರೋನ್‌ಗಳು

ಏರ್‌ಸ್ಟ್ರಿಪ್ ಬೇಡದ ಹೆಲಿಕಾಪ್ಟರ್‌ಗಳಲ್ಲಿ ಗ್ರೌಂಡ್ ಲೂಪ್ ಅಥವಾ ಪಟ್ಟಿ ಮೀರುವ ಪ್ರಶ್ನೆಯಿಲ್ಲ. ಇಳಿಜಾರಿನಲ್ಲಿ ಒಂದು ಬದಿ ಸಿಕ್ಕಿಕೊಂಡು ಪಕ್ಕಕ್ಕೆ ಉರುಳುವುದು, ಧೂಳಿನ ಮೋಡದಲ್ಲಿ ನೆಲ ಕಾಣದಾಗುವುದು ಮತ್ತು ತಿರುಗುವ ರೆಕ್ಕೆಗಳು ಮರಕ್ಕೋ ತಂತಿಗೋ ತಾಗುವುದು ಅವುಗಳ ಇಳಿಯುವಿಕೆಯ ಅಪಾಯಗಳು. ಗುಡ್ಡಗಾಡು ತೋಟಗಳಲ್ಲಿ ಇವೇ ಬಳಕೆಗೆ ಬಂದವು. ಕನ್ನಡ, ತುಳು ಮತ್ತು ಮಲಯಾಳಂ ಭಾಷಿಕರಿರುವ ಕಾಸರಗೋಡು ಪ್ರದೇಶದ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದರ ಆರೋಗ್ಯ ಪರಿಣಾಮಗಳ ವಿರುದ್ಧ ನಡೆದ ದೀರ್ಘ ಹೋರಾಟದ ಬಳಿಕ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಕೀಟನಾಶಕದ ಉತ್ಪಾದನೆ ಮತ್ತು ಬಳಕೆಯನ್ನು ದೇಶಾದ್ಯಂತ ತಡೆಹಿಡಿಯಿತು. ವೈಮಾನಿಕ ಸಿಂಪಡಣೆಯ ಹಾನಿಯು ವಿಮಾನ ಮತ್ತು ಪೈಲಟ್‌ಗೆ ಸೀಮಿತವಲ್ಲ ಎಂಬುದಕ್ಕೆ ಇದು ದೇಶದ ಪ್ರಮುಖ ನಿದರ್ಶನ.

2020ರಲ್ಲಿ ಪಶ್ಚಿಮ ಭಾರತದ ಮಿಡತೆ ಹಾವಳಿಯ ನಿಯಂತ್ರಣಕ್ಕೆ ಹೆಲಿಕಾಪ್ಟರ್ ಮತ್ತು ಡ್ರೋನ್‌ಗಳನ್ನು ಬಳಸಲಾಯಿತು. ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗೆ ಸ್ವದೇಶದಲ್ಲಿ ರೂಪಿಸಿದ ಸಿಂಪಡಣೆ ವ್ಯವಸ್ಥೆಯ ಪರೀಕ್ಷೆಯಲ್ಲಿ ಬೆಂಗಳೂರಿನ ವಿಮಾನ ಮತ್ತು ವ್ಯವಸ್ಥೆಗಳ ಪರೀಕ್ಷಾ ಸಂಸ್ಥೆಯ ಪೈಲಟ್‌ಗಳು ಮತ್ತು ಎಂಜಿನಿಯರ್‌ಗಳು ಭಾಗವಹಿಸಿದರು.

2021ರ ಆಗಸ್ಟ್‌ನಲ್ಲಿ ಡ್ರೋನ್ ನಿಯಮಗಳು ಜಾರಿಗೆ ಬಂದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಡ್ರೋನ್ ಮೂಲಕ ಕೀಟನಾಶಕ ಸಿಂಪಡಿಸುವ ಕಾರ್ಯವಿಧಾನವನ್ನು ಪ್ರಕಟಿಸಿತು. ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನ್‌ಗಳನ್ನು ಒದಗಿಸುವ ನಮೋ ಡ್ರೋನ್ ದೀದಿ ಯೋಜನೆಗೆ 2023ರ ನವೆಂಬರ್‌ನಲ್ಲಿ ಅನುಮೋದನೆ ದೊರೆಯಿತು. ಸಣ್ಣ ಹಿಡುವಳಿಗಳಿರುವ ಕಡೆ ವಿಮಾನಕ್ಕಿಂತ ಡ್ರೋನ್ ಸೂಕ್ತ. ಹೊಸಕೋಟೆ ತಾಲ್ಲೂಕಿನಂತಹ ಕಡೆ ರಾಗಿ, ತರಕಾರಿ ಮತ್ತು ಹೂವಿನ ಹೊಲಗಳು ಚಿಕ್ಕ ಚಿಕ್ಕ ತುಂಡುಗಳಲ್ಲಿವೆ. ಕೊಳವೆ ಬಾವಿಗಳಿಗೆ ಹೋಗುವ ವಿದ್ಯುತ್ ತಂತಿಗಳು ಅವುಗಳ ನಡುವೆ ಹಾದುಹೋಗುತ್ತವೆ.

ಪದೇ ಪದೇ ಇಳಿಯಬೇಕಾದ ಅನಿವಾರ್ಯತೆ ಡ್ರೋನ್‌ನಲ್ಲಿ ಇನ್ನಷ್ಟು ಹೆಚ್ಚು. 10 ಲೀಟರ್ ತೊಟ್ಟಿಯ ಡ್ರೋನ್ ಎಕರೆಗೆ 10 ಲೀಟರ್ ಸಿಂಪಡಿಸಿದರೆ ಎಕರೆಗೊಮ್ಮೆ ಇಳಿಯಬೇಕು. ಪೈಲಟ್ ಅದರೊಳಗೆ ಇಲ್ಲದಿರುವುದರಿಂದ ಆತನ ಪ್ರಾಣಕ್ಕೆ ಅಪಾಯವಿಲ್ಲ. ಅಪಾಯವು ಔಷಧಿ ತುಂಬಲು ಮತ್ತು ಬ್ಯಾಟರಿ ಬದಲಿಸಲು ಹತ್ತಿರ ಬರುವವರಿಗೆ ವರ್ಗವಾಗುತ್ತದೆ. ತಿರುಗುತ್ತಿರುವ ಪ್ರೊಪೆಲ್ಲರ್‌ಗಳಿಂದ ಗಾಯ, ಅಸಮ ನೆಲದಲ್ಲಿ ಡ್ರೋನ್ ಮಗುಚುವುದು, ಹಾನಿಗೊಂಡ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುವುದು ಮತ್ತು ಕೀಟನಾಶಕ ಚೆಲ್ಲುವುದು ಇದರ ಸಾಮಾನ್ಯ ಅಪಾಯಗಳು. ಸಮತಟ್ಟಾದ ಇಳಿಯುವ ಜಾಗವನ್ನು ಗುರುತಿಸುವುದು, ಪ್ರೊಪೆಲ್ಲರ್‌ಗಳು ಪೂರ್ತಿ ನಿಲ್ಲುವವರೆಗೆ ಯಾರೂ ಸಮೀಪಿಸದಿರುವುದು ಮತ್ತು ಗಾಳಿ ಹೆಚ್ಚಾದಾಗ ಕೆಲಸ ನಿಲ್ಲಿಸುವುದು ಇಲ್ಲಿಯೂ ಮೂಲ ಎಚ್ಚರಿಕೆಗಳು.

## ಇವನ್ನೂ ನೋಡಿ

- ಕೃಷಿ ವಿಮಾನಯಾನ
- ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್
- ಎಚ್‌ಎಎಲ್ ವಿಮಾನ ನಿಲ್ದಾಣ
- ಎಂಡೋಸಲ್ಫಾನ್
- ಕೀಟನಾಶಕ
- ಡ್ರೋನ್
- ಹೊಸಕೋಟೆ